ಚಹಾದ ಕಲಮು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹಳೆ ಮನೆ ರಿಪೇರಿಯ ಗುತ್ತಿಗೆ ಹಿಡಿಯುವವರಲ್ಲಿ ಕರಾರು ಬರೆಯುವ ಚಟ ನನ್ನೊಬ್ಬನಿಗೇ. ಉಳಿದವರು ಎಲೆ-ಅಡಿಕೆ ಹಾಕಿಕೊಂಡು ಮಾತಿನ ಮೇಲೆ ಕೆಲಸ ಹಿಡಿಯುತ್ತಾರೆ. ಬಾಯಿಮಾತೂ ಕರಾರೇ ಎಂದು 1872ರ ಕರಾರು ಕಾಯ್ದೆ ಒಪ್ಪುತ್ತದೆ, ನಿಜ. ಆದರೆ ಬಾಯಿಮಾತಿಗೆ ಜೆರಾಕ್ಸ್ ಬರುವುದಿಲ್ಲ.

ನಿಪ್ಪಾಣಿಯ ಬೀಗರಂತೂ “ನಮ್ಮ ನಮ್ಮೊಳಗ ಕಾಗದ ಯಾಕ?” ಎಂದು ನೊಂದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ರೊಕ್ಕ ಕೇಳಿದರೆ, “ಕಬ್ಬಿನ ಬಿಲ್ಲು ಬರಲಿ.” ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಆದೇಶವೇ ಇದೆ. ಬರವಣಿಗೆಯಲ್ಲಿದ್ದ ರೊಕ್ಕವೇ ತಡವಾದರೆ ಬಾಯಿಮಾತಿನ ರೊಕ್ಕದ ಗತಿ ಏನು? ಹಾಗಾಗಿ ಬರೆಯುತ್ತೇನೆ: ಕೆಡವಿದ್ದಕ್ಕೆ ಇಷ್ಟು, ಗಿಲಾವಿಗೆ ಇಷ್ಟು, ಫರಶಿಗೆ ಇಷ್ಟು, ಉಸುಕು ಎಷ್ಟು ಬ್ರಾಸ್, ಕೆಡವಿದ ಮಣ್ಣು ಹೊರುವವರು ಯಾರು, ಚಿಂಚಲಿ ಮಾಯಕ್ಕನ ಜಾತ್ರೆಗೆ ಗವಂಡಿಗಳಿಗೆ ಎಷ್ಟು ದಿನ ಸೂಟಿ.

ಕಾಗವಾಡ ತಾಲೂಕಿನ ಹೊಳೆದಂಡೆಯ ನಿವೃತ್ತ ಮಾಸ್ತರರೊಬ್ಬರು ಇದೆಲ್ಲಕ್ಕೂ ತಲೆಯಾಡಿಸಿದರು. “ಕೆಲಸಗಾರರ ಚಹಾ ಮನೆಯವರದು” ಎಂಬಲ್ಲಿ ಚಾಳೀಸು ಏರಿಸಿದರು.

“ಚಹಾ ಅಂದ್ರ ಯಾವ ಚಹಾ?”

ನನಗೆ ರೋಮಾಂಚನ! ಕಾಯ್ದೆಯ 29ನೇ ಕಲಮು ಕೇಳುವುದೂ ಇದನ್ನೇ. ನೂರು ಟನ್ ಎಣ್ಣೆ ಮಾರುತ್ತೇನೆಂದು ಬರೆದು, ಯಾವ ಎಣ್ಣೆ ಎಂಬುದು ಎಲ್ಲಿಂದಲೂ ತಿಳಿಯದಿದ್ದರೆ ಆ ಕರಾರು ಶೂನ್ಯ. ಈ ಉದಾಹರಣೆ ಕಾಯ್ದೆಯಲ್ಲೇ ಇದೆ. ಇನ್ನು ಚಹಾ ಬಿಟ್ಟೀತೇ? ಪೆನ್ನು ತೆಗೆದೆ. ಹಾಲಿನದೋ, ಕರಿಯದೋ? ಹಾಲಿನದು. ಎಮ್ಮೆ ಗಬ್ಬವಿತ್ತು, “ಎಮ್ಮೆ ಈಯುವತನಕ ಪಾಕೀಟು ಹಾಲು” ಎಂದು ಉಪಕಲಮು ಸೇರಿತು. ದಿಕ್ಕಿಗೊಂದು ಸಕ್ಕರೆ ಫ್ಯಾಕ್ಟರಿ ಇರುವ ಸೀಮೆಯಲ್ಲಿ ಹಿರಿಯ ಗವಂಡಿಗೆ ಸಕ್ಕರೆ ಕಾಯಿಲೆ, ಅವನಿಗೊಂದು ವಿನಾಯಿತಿ. ಗವಂಡಿಯನ್ನು ಮಾತಾಡಿಸಲು ಬಂದ ಅಳಿಯ “ಕೆಲಸಗಾರ” ಹೌದೋ ಅಲ್ಲವೋ? ಕೈಯಲ್ಲಿ ಕರಣಿ ಇದ್ದರೆ ಹೌದು. ಸುಮ್ಮನೆ ಹಿಡಿದು ನಿಂತಿದ್ದರೆ? ಅರ್ಧ ಕಪ್ಪು.

ಒಳಗಿನಿಂದ ಅವ್ವಾರ ದನಿ ಬಂತು: “ಮಾಡಾಕಿ ನಾನು. ನನ್ನ ಸಹಿ ಎಲ್ಲೈತಿ?”

ಇಬ್ಬರೂ ಬಾಯಿ ಮುಚ್ಚಿದೆವು. ಅವರನ್ನೂ ಪಕ್ಷಕಾರರನ್ನಾಗಿ ಸೇರಿಸಿದೆ. ಸಂಜೆ ನಾಲ್ಕರ ಮೇಲೆ ಚಹಾ ಇಲ್ಲವೆಂದು ಅವರು ಬರೆಸಿದರು. ಅಪೀಲು ಇರಲಿಲ್ಲ.

ಕೊನೆಯಲ್ಲಿ “ದೈವಾಧೀನ ಕಾರಣಗಳಿಂದ ಕೆಲಸ ನಿಂತಲ್ಲಿ” ಎಂದು ಓದಿದೆ. ಮಾಸ್ತರರು ಕೈ ಅಡ್ಡ ಹಿಡಿದರು. 2005ರಲ್ಲಿ ಕೃಷ್ಣೆ ಅಂಗಳಕ್ಕೆ ಬಂದು ಹೋಗಿತ್ತು. 2019ರಲ್ಲಿ ಹಿಂದಿನ ಮಣ್ಣಿನ ಗೋಡೆಯನ್ನೇ ಕರಗಿಸಿತ್ತು. ಈಗ ನಾವು ಕಟ್ಟಹೊರಟಿದ್ದು ಅದನ್ನೇ.

“ದೇವರನ್ನ ಯಾಕ ತರತಿ ತಮ್ಮಾ? ಹೊಳಿ ಅಂತ ಬರಿ. ನೀರು ಹೊಸ್ತಲಾ ಮುಟ್ಟಿದ ದಿನಾ ಕೆಲಸಾ ಬಂದ್. ಅಲ್ಲಿತನಕ ಆಗಿದ್ದು ಅಳದು ರೊಕ್ಕಾ ತಗೋ. ನೀರು ಇಳದ ಮ್ಯಾಲ, ನಾವಿದ್ರ, ಹೊಸಾ ಕರಾರು.”

ಒಂದಕ್ಷರ ಬದಲಿಸದೆ ಬರೆದುಕೊಂಡೆ. ಸಹಿಯಾದ ಮೇಲೆ ಮಾಸ್ತರರು ಒಂದು ಪ್ರತಿಯನ್ನು ಚಿಕ್ಕೋಡಿಯ ಮಗಳ ಮನೆಗೆ ಕಳಿಸಲು ತೆಗೆದಿಟ್ಟರು. ಅಲ್ಲಿಗೆ ಹೊಳೆ ಏರುವುದಿಲ್ಲ.

“ಚಹಾದ್ದಷ್ಟು ಬ್ಯಾರೆ ಜೆರಾಕ್ಸ್ ತಗಸ್ರಿ” ಎಂದರು ಅವ್ವಾರು. “ಹೊಳಿ ಯಾವಾಗರೆ ಒಮ್ಮೆ ಬರತೈತಿ. ಗವಂಡಿ ದಿನಾ ಬರತಾನ.”