ಎರಡು ತಂತಿ ಮಾತಾಡಿದವು, ನಾಲ್ಕು ಕೆಮ್ಮಿದವು

ಶಿವಮೊಗ್ಗದಲ್ಲಿ ಹಾಡುವವರಿಗೆ ಬರವಿಲ್ಲ. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ತಂದ ಸುಬ್ಬಣ್ಣನವರು ತಮ್ಮ ಹೆಸರಿನ ಮುಂದೆ ಈ ಊರನ್ನೇ ಇಟ್ಟುಕೊಂಡ ಮೇಲಂತೂ ದುರ್ಗಿಗುಡಿಯ ಯಾವ ಮನೆ ಬಾಗಿಲು ತಟ್ಟಿದರೂ ಒಬ್ಬ ಭಾವಗೀತೆ ಗಾಯಕ ಹೊರಬರುತ್ತಾನೆ. ಹಾಗಾಗಿ ನನ್ನಂಥ ಅಪಸ್ವರದ ಗಂಟಲಿನವನಿಗೆ ಉಳಿದದ್ದು ಪಕ್ಕವಾದ್ಯ. ತಬಲಾಕ್ಕೆ ಲಯ ಬೇಕು, ಕೊಳಲಿಗೆ ಉಸಿರು ಬೇಕು. ಗಿಟಾರಿಗೆ ಜೀನ್ಸ್ ಪ್ಯಾಂಟ್ ಸಾಕು ಅಂದುಕೊಂಡೆ.

ಮೊದಲನೆಯದು ಗಾಂಧಿ ಬಜಾರಿನ ಕಡೆಯ ಒಂದು ಅಂಗಡಿಯಲ್ಲಿ ಹಾರ್ಮೋನಿಯಂಗಳ ಮೇಲೆ ನೇತಾಡುತ್ತಿತ್ತು. ಕೋಲ್ಕತ್ತದ ಮಾಲು; ನಡುವೆ ಹಳದಿ, ಅಂಚಿಗೆ ಹೋದಂತೆ ಕೆಂಪು, ಆಮೇಲೆ ಕಪ್ಪು. "ನುಡಿಸಿ ನೋಡ್ತೀರಾ?" ಅಂದರು ಅಂಗಡಿಯವರು. ಬರುವುದಿಲ್ಲ ಎನ್ನಲು ನಾಚಿಕೆಯಾಗಿ, ಅದನ್ನು ಕಿವಿಯ ಹತ್ತಿರ ಹಿಡಿದು, ಹಿಂಬದಿಗೆ ಬೆರಳಲ್ಲಿ ಕುಟ್ಟಿ, ಹಲಸಿನ ಹಣ್ಣು ಕೊಳ್ಳುವವನ ಗಾಂಭೀರ್ಯದಲ್ಲಿ "ಪರವಾಗಿಲ್ಲ" ಅಂದೆ.

ಕಲಿಸುವವರು ಸಿಕ್ಕಿದ್ದು ಭದ್ರಾವತಿಯಲ್ಲಿ. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಭಾನುವಾರ ಚರ್ಚಿನಲ್ಲಿ ಗಿಟಾರ್ ಹಿಡಿಯುತ್ತಿದ್ದ ತಮಿಳು ಹಿರಿಯರು. ಕನ್ನಡ, ತಮಿಳು, ತೆಲುಗು ಒಂದೇ ಶಿಫ್ಟಿನಲ್ಲಿ ಕೆಲಸ ಮಾಡುವ ಊರು ಅದು. ಮೇಷ್ಟ್ರು ಸಿ, ಜಿ, ಡಿ ಹೇಳಿಕೊಟ್ಟರು. ಆಮೇಲೆ ಎಫ್ ಬಂತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಫ್ ಕಾರ್ಡಿಗೆ ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು; ಉಳಿದ ಮೂರು ಬೆರಳು ಬೇರೆ ಬೇರೆ ಕಡೆ ನೌಕರಿ ಮಾಡಬೇಕು. ಹಾಡುವವರು 'ಬಿಳಿ ಒಂದು' ಅಂದರೆ ಎಫ್ ತಪ್ಪಿದ್ದಲ್ಲ, ಅದು ಆ ಶ್ರುತಿಯ ಮಧ್ಯಮ. 'ಕಪ್ಪು ಒಂದು' ಅಂದರೆ ಕೇಪೋ ಎಂಬ ಕ್ಲಿಪ್ಪು ಸಿಕ್ಕಿಸಿಕೊಂಡು ಮತ್ತೆ ಅದೇ ಎಫ್. ಮೇಷ್ಟ್ರ ಕೈಯಲ್ಲಿ ಆರೂ ತಂತಿ ಮಾತಾಡಿದವು. ನನ್ನ ಕೈಯಲ್ಲಿ ಎರಡು ಮಾತಾಡಿದವು, ನಾಲ್ಕು ಕೆಮ್ಮಿದವು.

"ಸಾರ್, ಈ ಗಿಟಾರೇ ಸರಿಯಿಲ್ಲ."

"ಗಿಟಾರ್ ಚೆನ್ನಾಗೈತೆ ತಂಬಿ. ಬೆರಳು ಸರಿಯಿಲ್ಲ."

ಬೆರಳು ಮಾರುವ ಅಂಗಡಿ ಶಿವಮೊಗ್ಗದಲ್ಲಿ ಇರಲಿಲ್ಲ. ಗಿಟಾರ್ ಮಾರುವುದು ಇತ್ತು. ಮುಂದಿನ ನನ್ನ ಸಂಗೀತ ಜೀವನವೆಲ್ಲ ಇಷ್ಟರಲ್ಲೇ ಅಡಗಿದೆ.

ಎರಡು ಊರಿನ ನಡುವೆ ಸುಮಾರು 20 ಕಿಲೋಮೀಟರು. ತುಂಬಿದ ಬಸ್ಸಿನಲ್ಲಿ ಗಿಟಾರನ್ನು ಮಗುವಿನಂತೆ ಅಪ್ಪಿಕೊಂಡು ನಿಂತಿದ್ದರೆ ಕಂಡಕ್ಟರ್ ಬಂದು, "ಇದಕ್ಕೆ ಲಗೇಜು" ಅನ್ನುತ್ತಿದ್ದ. ಕೈಯಲ್ಲೇ ಇದೆಯಲ್ಲ ಎಂದು ವಾದಿಸಿದರೆ, "ಹಂಗಾದ್ರೆ ಒಂದು ಹಾಡು ಬಾರ್ಸಿ ಸಾರ್, ಬಿಟ್‌ಬಿಡ್ತೀನಿ." ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗುತ್ತಿತ್ತು. ನಾನು ಲಗೇಜ್ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಮಳೆಗಾಲ ಬಂತು. ಗಿಟಾರಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ. ಎಂದು ಆಮೇಲೆ ಓದಿದೆ. ಆಗಿನ ನನ್ನ ತೂಕಕ್ಕಿಂತ ಹೆಚ್ಚು. ಜುಲೈ ತಿಂಗಳಲ್ಲಿ ಬನಿಯನ್ನೇ ಒಣಗದ ನಮ್ಮ ನಡುಮನೆಯಲ್ಲಿ ಗೋಂದಾದರೂ ಎಷ್ಟು ದಿನ ತಡೆದೀತು? ಒಂದು ರಾತ್ರಿ ಢಮ್ ಎಂದು ಬ್ರಿಡ್ಜ್ ಕಿತ್ತು ಹಾರಿತು. ಅಮ್ಮ ಕುಕ್ಕರ್ ಸಿಡಿಯಿತೆಂದು ಅಡುಗೆಮನೆಗೆ ಓಡಿದಳು. ಮಂಚ, ಬಾಗಿಲು ಮಾಡುವ ಆಚಾರ್ರ ಹತ್ತಿರ ಒಯ್ದೆ. ಅವರು ಅದರ ಹೊಟ್ಟೆಯೊಳಗೆ ಇಣುಕಿ, ಮೂಸಿ, "ಇದು ಪ್ಲೈವುಡ್ಡು ಮಾರಾಯ್ರೆ. ಬೀಟೆ ಹಲಗೆ ತನ್ನಿ, ಇದೇ ಅಳತೆಗೆ ಒಂದು ಮಾಡಿಕೊಡ್ತೀನಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಎನ್ನುತ್ತ ಎರಡು ಉದ್ದನೆಯ ಸ್ಕ್ರೂ ಬಿಗಿದುಕೊಟ್ಟರು. ಬ್ರಿಡ್ಜ್ ಇವತ್ತಿಗೂ ಅಲ್ಲಾಡಿಲ್ಲ. ನಾದ ಮಾತ್ರ ಆಚಾರ್ರ ಅಂಗಡಿಯಲ್ಲೇ ಉಳಿಯಿತು.

ಬೀಟೆಯ ಮಾತು ತಮಾಷೆಯದ್ದಲ್ಲ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಗಿಟಾರುಗಳ ಹಿಂಬದಿಗೂ ಪಕ್ಕಕ್ಕೂ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, 1969ರಲ್ಲಿ ಅದು ಭಾರತದ ಬೀಟೆಗೆ ಹೊರಳಿತು. ಅದಕ್ಕೂ ಮೊದಲು, 1923ರಲ್ಲಿ ಭದ್ರಾವತಿಯ ಕುಲುಮೆ ಕಬ್ಬಿಣ ಕರಗಿಸತೊಡಗಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಅಂದರೆ ಘಟ್ಟದ ಕಾಡು ಇದ್ದಿಲಾಗಿ ಭದ್ರಾವತಿಗೆ ಹೋಯಿತು, ಗಿಟಾರಾಗಲು ಅಮೆರಿಕಕ್ಕೆ ಹೋಯಿತು, ಕಾಡಿನ ಬುಡದಲ್ಲೇ ಕೂತ ನನಗೆ ಪ್ಲೈವುಡ್ ಬಂತು. ಎಫ್ ಹಿಡಿಯಲಾಗದ್ದಕ್ಕೆ ಇಷ್ಟು ದೊಡ್ಡ ಐತಿಹಾಸಿಕ ಕಾರಣ ಸಿಕ್ಕಿದ್ದು ನನಗೆ ಬಹಳ ಸಮಾಧಾನ ತಂದಿತು.

ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳು, ಒತ್ತುವುದು ಸುಲಭ ಎಂದು ಯಾರೋ ಹೇಳಿದರು. ಆರ್ಕೆಸ್ಟ್ರಾ ಬಿಟ್ಟು ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡಿನದ್ದು ತಂದೆ. ಆಂಪ್ಲಿಫೈಯರಿಗೆ ದುಡ್ಡಿರಲಿಲ್ಲ. ಭದ್ರಾವತಿಯ ಗಣಪತಿ ಪೆಂಡಾಲಿನಲ್ಲಿ ಕಾರ್ಯಕ್ರಮ ಒಪ್ಪಿಕೊಂಡವನು, ಮೈಕ್ ಸೆಟ್ಟಿಗೆ ನಾನೇ ಬೆಸುಗೆ ಹಾಕಿದ ವೈರಿನಲ್ಲಿ ಗಿಟಾರ್ ಜೋಡಿಸಿದೆ. ಅದು ಮನೆಯ ಕಾಲಿಂಗ್ ಬೆಲ್ಲಿಗೆ ಹಾಕಿ ಮಿಕ್ಕಿದ್ದ ವೈರು. ಗಿಟಾರಿನ ವೈರಿಗೆ ಶೀಲ್ಡ್ ಇರಬೇಕು ಎಂಬ ವಿಚಾರ ನನಗೆ ತಿಳಿದದ್ದು ಆ ಸಂಜೆಯೇ, ಸಾರ್ವಜನಿಕವಾಗಿ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವಿದೆ. ಮಧ್ಯಮ ತರಂಗ, 675 ಕಿಲೋಹರ್ಟ್ಸ್. ಬಲವಾದ ಟ್ರಾನ್ಸ್‌ಮಿಟರಿನ ಆಸುಪಾಸಿನಲ್ಲಿ ಬೋಳು ವೈರು ಏರಿಯಲ್ ಆಗುತ್ತದೆ, ಕೆಟ್ಟ ಬೆಸುಗೆ ರೇಡಿಯೊ ಆಗುತ್ತದೆ. ನನ್ನಲ್ಲಿ ಎರಡೂ ಇದ್ದವು.

ಗಾಯಕಿ ಪಲ್ಲವಿ ಮುಗಿಸಿ ನನ್ನ ಕಡೆ ನೋಡಿದರು. ನಡುವಿನ ಮ್ಯೂಸಿಕ್ ನನ್ನದು. ವಾಲ್ಯೂಮ್ ತಿರುಗಿಸಿದೆ. ಸ್ಪೀಕರಿನಿಂದ ಒಬ್ಬ ಗಂಡಸಿನ ಗಂಭೀರ ಧ್ವನಿ ಹೊರಟು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆಂದು ವಿವರಿಸತೊಡಗಿತು. ತಂತಿ ಮುಟ್ಟಿದೆ, ಧ್ವನಿ ಕುಗ್ಗಿತು. ಕೈ ತೆಗೆದೆ: ಮೈಲುತುತ್ತ ಒಂದು ಕೆ.ಜಿ. ಗಾಬರಿಯಲ್ಲಿ ಎಫ್ ಹಿಡಿಯಹೋದೆ: ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರು. ತಬಲಾದವನು ಅದಕ್ಕೇ ಠೇಕಾ ಕೊಟ್ಟ. ಮುಂದಿನ ಸಾಲು ಬಿದ್ದು ಬಿದ್ದು ನಗುತ್ತಿರುವಾಗ ಹಿಂದಿನಿಂದ ಒಬ್ಬ ಅಜ್ಜ ಎದ್ದು ನಿಂತು, "ತಮಾ, ಸುಣ್ಣ ಎಷ್ಟು ಅಂದ್ರು? ಸ್ವಲ್ಪ ಜೋರಾಗಿ ಇಡು" ಎಂದರು. ನನ್ನ ಗಿಟಾರನ್ನು ಜೋರಾಗಿ ಇಡಬೇಕೆಂದು ಶ್ರೋತೃಗಳು ಕೋರಿದ್ದು ಅದೊಂದೇ ಸಲ. ಮುಂದಿನ ವರ್ಷ ಕಮಿಟಿಯವರು ನನ್ನನ್ನು ಬಿಟ್ಟು, ಕೃಷಿ ಅಧಿಕಾರಿಯೊಬ್ಬರನ್ನೇ ನೇರವಾಗಿ ಕರೆಸಿದರು.

ನಡುವೆ ಹನ್ನೆರಡು ತಂತಿಯದ್ದೊಂದು ಬಂದು ಹೋಯಿತು. ಆರನ್ನೇ ಒತ್ತಲಾರದವನಿಗೆ ಹನ್ನೆರಡು ಯಾಕೆ ಎಂದು ಕೇಳಬೇಡಿ. ಡಿಸ್ಕೌಂಟ್ ಇತ್ತು.

ಸಂಬಳ ಏರಿದ ಮೇಲೆ ಕೊನೆಗೂ ಬೀಟೆಯದ್ದೇ ಕೊಂಡೆ. ವಿದೇಶದ್ದು, ಕಂತಿನ ಮೇಲೆ. ಘಟ್ಟದಿಂದ ಹಡಗು ಹತ್ತಿ ಹೋದ ಮರ ಇಷ್ಟು ಕಾಲದ ಮೇಲೆ ತವರಿಗೆ ಬಂದಿದೆ ಎಂದು ಹೆಂಡತಿಗೆ ಕಣ್ಣು ತುಂಬಿಕೊಂಡು ವಿವರಿಸಿದೆ. "ತೀರ್ಥಹಳ್ಳಿಯ ನಮ್ಮಜ್ಜನ ಮನೆ ಮಂಚ ಪೂರ್ತಿ ಬೀಟೆದೇ ರೀ. ಲಗೇಜ್ ಆಟೋದಲ್ಲಿ ತರಿಸಿದ್ರೆ ಮುಗೀತಿತ್ತು. ಅದಕ್ಕೇ ತಂತಿ ಕಟ್ಕೋಬಹುದಿತ್ತು" ಅಂದಳು. ಇಂಥ ಗಿಟಾರಿಗೆ ಗಾಳಿಯ ತೇವ ಶೇ. 45ರಿಂದ 55ರ ಒಳಗಿರಬೇಕಂತೆ. ಮಲೆನಾಡಿನ ಮಳೆಗೆ ಇದನ್ನು ಹೇಳುವವರು ಯಾರು? ಬೀರುವಿನಿಂದ ರೇಷ್ಮೆ ಸೀರೆಗಳು ಹೊರಬಂದವು, ಗಿಟಾರ್ ಒಳಗೆ ಹೋಯಿತು. ಚಪ್ಪಲಿ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು ಅದರ ಸುತ್ತ ಕಾವಲು ಕೂತವು. ಒಳ್ಳೆಯ ದಿನ ನೋಡಿ ಎಫ್ ಹಿಡಿದೆ. ಎರಡು ತಂತಿ ಮಾತಾಡಿದವು, ನಾಲ್ಕು ಕೆಮ್ಮಿದವು. ಆದರೆ ಎಂಥ ಕೆಮ್ಮು! ಅಪ್ಪಟ ಬೀಟೆಯ ಕೆಮ್ಮು. ಬಹಳ ಹೊತ್ತು ನಿಂತಿತು.

ಅದನ್ನೀಗ ಮಗಳು ನುಡಿಸುತ್ತಾಳೆ. ಮೊಬೈಲ್ ನೋಡಿಕೊಂಡು ಕಲಿತಳು. ಎಫ್ ಹಿಡಿದದ್ದು ಅವಳ ಗಮನಕ್ಕೂ ಬಂದಂತಿಲ್ಲ. ಹಾಡಿನ ನಡುವೆ ದಾಟಿಕೊಂಡು ಹೋದಳು. ನನಗೆ ಒಂದು ಯುಕುಲೇಲಿ ಕೊಡಿಸಿದಳು. "ಇದ್ರಲ್ಲಿ ಎಫ್‌ಗೆ ಎರಡೇ ಬೆರಳು ಅಪ್ಪಾ."

ನಿಜ. ಹಿಡಿದ ಗಳಿಗೆಯಲ್ಲೇ ನಾಲ್ಕಕ್ಕೆ ನಾಲ್ಕೂ ತಂತಿ ಮಾತಾಡಿದವು. ಭದ್ರಾವತಿಯ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿಸಿದೆ. ರಿಟೈರಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಕಿವಿ ಚುರುಕು. "ನಲ್ಲಾ ಇರುಕ್ಕು ತಂಬಿ. ಎಲ್ಲಿ, ಈಗ ಇ ಕಾರ್ಡ್ ಹಿಡಿ ನೋಡೋಣ" ಅಂದರು.

ಯುಕುಲೇಲಿಯಲ್ಲಿ ಇ ಕಾರ್ಡಿಗೆ ನಾಲ್ಕನೆಯ ಫ್ರೆಟ್ಟಿನ ಒಂದೇ ಸಂದಿಯಲ್ಲಿ ಮೂರು ಬೆರಳು ತುರುಕಬೇಕು, ನಾಲ್ಕನೆಯದು ಎರಡು ಮನೆ ಹಿಂದೆ. ನನ್ನ ಬೆರಳಿಗೆ ಅಲ್ಲಿ ಜಾಗವೇ ಇಲ್ಲ. ವಾದ್ಯ ಚಿಕ್ಕದಾಯಿತು, ಅಷ್ಟೇ. ಟೆನರ್ ಎಂದು ಇದಕ್ಕಿಂತ ದೊಡ್ಡ ಸೈಜಿನದ್ದು ಬರುತ್ತದೆ. ಬೆಂಗಳೂರಿನಿಂದ ತರಿಸಿಕೊಡುತ್ತಾರಂತೆ; ಅಡ್ವಾನ್ಸ್ ಕೊಟ್ಟಿದ್ದೇನೆ.