ಟರ್ಬೊಗೆ ದಮ್ಮು ಕಟ್ಟಿದಾಗ

ಬೆಂಗಳೂರಿನ ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಟರ್ಬೊ ಕಾರಿನ ಶಕ್ತಿ ಕುಂದಿದೆಯೆಂದು ಗೊತ್ತಾಗುವುದಾದರೂ ಹೇಗೆ? ಅಲ್ಲಿ ಎಲ್ಲ ಕಾರೂ ಎತ್ತಿನಗಾಡಿಯೇ. ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೈನು ಆಕಳಿಸುತ್ತಿರುತ್ತದೆ. ಖಾಲಿ ರಸ್ತೆ ಸಿಕ್ಕಮೇಲೂ ಗಾಡಿ ಎಳೆಯದಿದ್ದರೆ ಆಗ ಅನುಮಾನಪಡಿ.

"ಟರ್ಬೊ ಹೋಯ್ತು ಸಾರ್" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಬೆಲೆ ಕೇಳಿದರೆ ನಮ್ಮ ದಮ್ಮೂ ಹೋಗುತ್ತದೆ. ಎಷ್ಟೋ ಸಲ ತಪ್ಪು ಬಡಪಾಯಿ ರಬ್ಬರ್ ಪೈಪಿನದು. ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಕಡೆಯ ಹೋಸ್ ಬಿರಿದು, ಟರ್ಬೊ ಒತ್ತಿದ ಗಾಳಿ ಬುಸ್ಸೆಂದು ಸೋರಿಹೋಗುತ್ತದೆ. ಡೀಸೆಲ್ ಗಾಡಿಯಾದರೆ ಕಪ್ಪು ಹೊಗೆಯೂ ಉಂಟು. ಪೈಪಿಗೆ ಹದವಾಗಿ ಗಾಳಿ ಕೊಟ್ಟು ಸೋಪಿನ ನೀರು ಚಿಮುಕಿಸಿದರೆ, ನೊರೆ ಎದ್ದಲ್ಲೇ ತೂತು. (ನೊರೆಯ ವಿಷಯದಲ್ಲಿ ವರ್ತೂರಿಗೆ ಪಾಠ ಬೇಡ, 2015ರಲ್ಲಿ ಕೆರೆಯ ನೊರೆ ರಸ್ತೆಗೇ ಬಂದಿತ್ತು.)

ಟರ್ಬೊ ಬದಲಿಸುವ ಮುನ್ನ ಏರ್ ಫಿಲ್ಟರ್, ಹೋಸ್, ಕ್ಲಿಪ್ಪು ನೋಡಿಸಿ ಸ್ವಾಮಿ.