ಕಲ್ಯದ ಕಲ್ಲಿಗೆ ಸಭಾಕಂಪವಿಲ್ಲ

ಮೈಕು ಕಂಡರೆ ಮೊಣಕಾಲು ನಡುಗುವವರ ಪರವಾಗಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿರುವ, ವಿಜಯನಗರದ ದೊರೆ ಬುಕ್ಕರಾಯನ ಶಾಸನವನ್ನು ಮಾತಾಡಿಸಲಾಯಿತು. 1368ರಿಂದ ಒಂದೇ ಮಾತನ್ನು ಎಲ್ಲರೆದುರು, ಒಮ್ಮೆಯೂ ಕುಡಿಯಲು ನೀರು ಕೇಳದೆ ಹೇಳುತ್ತ ಬಂದಿರುವ ಅನುಭವಸ್ಥರು.

ಪ್ರಶ್ನೆ: ತಮಗೆ ಸಭಾಕಂಪ ಆಗುವುದೇ ಇಲ್ಲವೇ? ಕಲ್ಲಿಗೇನು, ಡವಗುಟ್ಟಲು ಎದೆಯೇ ಇಲ್ಲ ಎಂದು ಓದುಗರು ಆಕ್ಷೇಪಿಸಬಹುದು.

ಶಾಸನ: ನನ್ನ ಎದೆ ಬಿಡಪ್ಪ, ನನ್ನ ಕಥೆಯಲ್ಲಿರುವವರ ಎದೆ ನೋಡು. ನಾನೂ ಶ್ರವಣಬೆಳಗೊಳದ ಶಾಸನವಾದ ನಮ್ಮಣ್ಣನೂ ಹೇಳುವುದು ಒಂದೇ ಸಂಗತಿ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಎನಿಸಿದ್ದ ಈ ಊರು, ಹೀಗೆ ನಾನಾ ಕಡೆಯ ಜೈನರು ಬುಕ್ಕರಾಯನ ಮುಂದೆ ನಿಂತು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬಿನ್ನಹ ಮಾಡಿದರು. ಎದುರಿಗೆ ದೊರೆ. ಅವರ ಕೈಕಾಲು ನಡುಗಲೇ ಇಲ್ಲ ಎಂದು ನಾನು ಹೇಳಲಾರೆ. ನಡುಗಿದ್ದರೂ ಅದನ್ನು ಯಾರೂ ಕೆತ್ತಿಸಲಿಲ್ಲ, ಕೆತ್ತಿಸಿದ್ದು ಬಿನ್ನಹವನ್ನು. ದೊರೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲ ಎಂದ, ಪಂಚಮಹಾವಾದ್ಯ ಜೈನರಿಗೂ ಸಲ್ಲುತ್ತದೆ ಎಂದ. ಹೇಳಬೇಕಾದ್ದು ಹೊಟ್ಟೆಯೊಳಗೆ ಉರಿಯುತ್ತಿರುವಾಗ, ನಾನು ಹೇಗೆ ಕಾಣುತ್ತಿದ್ದೇನೋ ಎಂದು ಯೋಚಿಸಲು ಪುರುಸೊತ್ತೆಲ್ಲಿ? ಸಭಾಕಂಪದಲ್ಲಿ ಜನರ ಭಯ ಕಡಿಮೆ ಕಣಪ್ಪ, ತನ್ನ ಚೆಂದದ ಚಿಂತೆಯೇ ಜಾಸ್ತಿ.

ಪ್ರಶ್ನೆ: ಹಾಗಾದರೆ ಅದು ಅಹಂಕಾರವೇ? ಗಂಟಲು ಒಣಗಿ, ಹಿಡಿದ ಚೀಟಿ ಪಟಪಟ ಅನ್ನುವಾಗ ಈ ಮಾತು ಕೇಳಿದರೆ ಅವರಿಗೆ ನೋವಾಗದೇ?

ಶಾಸನ: ಅಹಂಕಾರ ಅನ್ನಲಿಲ್ಲ, ಲೆಕ್ಕ ತಪ್ಪಿದೆ ಅಂದೆ. ನಡುಗುವವನಿಗೆ ತನ್ನ ನಡುಕ ಕೊನೆಯ ಸಾಲಿಗೂ ಕಾಣುತ್ತಿದೆ ಎಂಬ ಭ್ರಮೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಸವಿಟ್ಸ್ಕಿ ಮತ್ತು ಗಿಲೊವಿಚ್ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಭಾಷಣಕಾರರು ಅಂದುಕೊಂಡಷ್ಟು ಅವರ ಅಳುಕು ಕೇಳುಗರ ಕಣ್ಣಿಗೆ ಬಿದ್ದಿರಲಿಲ್ಲ. ಈ ಗುಟ್ಟನ್ನು ಮೊದಲೇ ತಿಳಿದವರು, ಬರೀ ‘ಹೆದರಬೇಡಿ’ ಅನ್ನಿಸಿಕೊಂಡವರಿಗಿಂತ ಚೆನ್ನಾಗಿ ಮಾತಾಡಿದರು. ನಮ್ಮಲ್ಲಿ ಧೈರ್ಯ ಹೇಳುವವರಿಗೇನೂ ಬರವಿಲ್ಲ, ಆದರೆ ಕೊರತೆ ಇರುವುದು ಧೈರ್ಯದ್ದಲ್ಲ, ನೋಡು. ಗ್ರಾಮಸಭೆಯಲ್ಲಿ ನಲ್ಲಿ ನೀರು ಯಾಕೆ ಬಂದಿಲ್ಲ ಎಂದು ಪಿಡಿಒ ಬೆವರುವಂತೆ ಕೇಳುವ ಹೆಂಗಸನ್ನು ಅದೇ ಜಾಗದಲ್ಲಿ ಸ್ವಾಗತ ಭಾಷಣಕ್ಕೆ ನಿಲ್ಲಿಸು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗುತ್ತಾಳೆ. ಜನ ಅವರೇ, ಗಂಟಲೂ ಅದೇ. ‘ವೇದಿಕೆಯನ್ನು ಅಲಂಕರಿಸಿರುವ’ ಎಂಬ ಇಸ್ತ್ರಿ ಹಾಕಿದ ಕನ್ನಡ ಮಾತ್ರ ಅವಳದಲ್ಲ.

ಪ್ರಶ್ನೆ: ವಿಷಯವೊಂದೇ ಸಾಕಾದರೆ ಅಭ್ಯಾಸಕ್ಕೆ ಬೆಲೆಯಿಲ್ಲವೇ? ಗ್ರೀಸಿನ ಡೆಮಾಸ್ತನೀಸ್ ಬಾಯಲ್ಲಿ ಕಲ್ಲಿಟ್ಟುಕೊಂಡು ಸಾಧನೆ ಮಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಶಾಸನ: ಕಲ್ಲಿನ ಸಹವಾಸ ಒಳ್ಳೆಯದೇ! ಆದರೆ ಕಲ್ಲು ಪಳಗಿಸಿದ್ದು ನಾಲಿಗೆಯನ್ನು. ಮ್ಯಾಸಿಡೋನಿಯದ ಫಿಲಿಪ್ಪನ ವಿರುದ್ಧ ಆಡಬೇಕಾದ ಮಾತು ಡೆಮಾಸ್ತನೀಸನಲ್ಲೇ ಇತ್ತು. ಅಭ್ಯಾಸ ಬೇಕು, ಕನ್ನಡಿಯ ಮುಂದೆ ಬೇಡ. ಅಲ್ಲಿರುವ ಒಬ್ಬನೇ ಕೇಳುಗ ನೀನು, ಅವನ ಕಾಟದಿಂದಲೇ ಇಷ್ಟೆಲ್ಲ ಪಾಡು. ಸಣ್ಣ ಸಭೆಯಲ್ಲಿ ನಿನಗೆ ನಿಜವಾಗಿ ಬೇಕಾದ ಒಂದು ಪ್ರಶ್ನೆ ಕೇಳು, ಮುಂದಿನ ಸಲ ಎರಡು. ಎದೆ ಡವಗುಟ್ಟಿದರೆ ಗುಟ್ಟಲಿ. ಬದುಕೇ ನಿಂತುಹೋಗುವಷ್ಟು ಭಯ ಇರುವವರೂ ಇದ್ದಾರೆ, ಅಂಥವರು ವೈದ್ಯರ ಹತ್ತಿರ ಹೋಗಬೇಕು. ಅದು ಕಲ್ಲು ಹೇಳುವ ವಿಷಯವಲ್ಲ.

ಪ್ರಶ್ನೆ: ಸ್ವಾಗತದ ಉದ್ದ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುವುದಾದರೂ ಹೇಗೆ? ಗಣ್ಯರ ಪಟ್ಟಿಯಲ್ಲಿ ಒಂದು ಹೆಸರು ಜಾರಿದರೆ ಮುಂದಿನ ವರ್ಷ ಪೆಂಡಾಲಿಗೆ ದುಡ್ಡು ಹುಟ್ಟುವುದಿಲ್ಲ.

ಶಾಸನ: ಆ ಭಯಕ್ಕೆ ಸಭಾಕಂಪ ಅನ್ನಬೇಡ, ಅದು ವ್ಯವಹಾರ. ಬೆಳಗೊಳದ ಅಣ್ಣನೂ ಮೊದಲು ರಾಮಾನುಜರನ್ನು ಸ್ತುತಿಸುತ್ತಾನೆ, ಆಮೇಲೆ ಬುಕ್ಕರಾಯನನ್ನು ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದೆಲ್ಲ ಹೊಗಳುತ್ತಾನೆ. ಆದರೆ ಅಷ್ಟಾಗುತ್ತಿದ್ದಂತೆ ಜೈನರ ದೂರು ಶುರು. ಉಳಿ ಹಿಡಿದವನಿಗೆ ಒಂದೊಂದು ಅಕ್ಷರಕ್ಕೂ ಕೈ ನೋಯುತ್ತಿತ್ತು. ನಿಮಗೆ ಮೈಕ್ ಸೆಟ್ಟಿನವನು ದಿನವಿಡೀ ಬಾಡಿಗೆಗೆ ಸಿಗುತ್ತಾನೆ.